ದೂರ ಕೂತರೆ ಕಾಗೆ ಬರುತ್ತದೆ

ನಾನು ಮಾವಳ್ಳಿಯ ಶಾಲೆಗೆ ವರ್ಗವಾಗಿ ಹೋದಾಗ ನಾಲ್ಕನೇ ತರಗತಿಯ ಗೋಡೆಯ ಮೇಲೆ ಹಕ್ಕಿಗಳ ಪಟವೊಂದು ತೂಗುತ್ತಿತ್ತು. ಉಷ್ಟ್ರಪಕ್ಷಿ, ಪೆಂಗ್ವಿನ್, ಬಣ್ಣಬಣ್ಣದ ದೊಡ್ಡ ಗಿಳಿ, ಮೂಲೆಯಲ್ಲಿ ಕರೆಯದೇ ಬಂದ ನೆಂಟನ ಹಾಗೆ ಒಂದು ಕಾಗೆ. ಮಕ್ಕಳು ಪಟವನ್ನು ಪೂರ್ತಿ ಬಾಯಿಪಾಠ ಮಾಡಿಕೊಂಡಿದ್ದರು. ಪೆಂಗ್ವಿನ್ ಎಲ್ಲಿರುತ್ತದೆ ಎಂದು ಕೇಳಿದರೆ ಎಲ್ಲರ ಕೈಯೂ ಮೇಲೆ. ಕಾಗೆಯ ಕುತ್ತಿಗೆ ಯಾವ ಬಣ್ಣ ಎಂದು ಕೇಳಿದೆ. "ಕಪ್ಪೂ..." ಎಂದು ಇಡೀ ತರಗತಿ ರಾಗ ಎಳೆಯಿತು. ಕಿಟಕಿಯ ಆಚೆ, ಬಿಸಿಯೂಟದ ತಟ್ಟೆ ತೊಳೆಯುವ ಕಟ್ಟೆಯ ಮೇಲೆ, ಬೂದಿಬಣ್ಣದ ಕುತ್ತಿಗೆಯ ಕಾಗೆಗಳು ಗದ್ದಲ ಎಬ್ಬಿಸುತ್ತಿದ್ದವು.

ನನಗೆ ಸಿಟ್ಟು ಬೇಗ ಬರುತ್ತದೆ. ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಮುಖ್ಯ ಮಾಸ್ತರರೂ ಹೇಳುತ್ತಿದ್ದರು. ಪಟವನ್ನು ಸುತ್ತಿ ಕಪಾಟಿನ ಹಿಂದೆ ತುರುಕಿ, ಮಕ್ಕಳನ್ನು ಹೊರಗೆ ಎಬ್ಬಿಸಿಕೊಂಡು ಹೋದೆ. ಸಮವಸ್ತ್ರ ಮಣ್ಣಾಯಿತು ಎಂದು ಮರುದಿನ ಇಬ್ಬರು ತಾಯಂದಿರು ದೂರು ತಂದರು. ತೊಳೆದರೆ ಹೋಗುತ್ತದೆ ಎಂದು ಹೇಳಿ ಕಳಿಸಿದೆ.

ನನಗೇನು ಹಕ್ಕಿಗಳ ಶಾಸ್ತ್ರ ಗೊತ್ತಿತ್ತೆಂದಲ್ಲ. ನಾನು ಕುಮಟೆಯ ಹತ್ತಿರ ಹೊಳನಗದ್ದೆಯವಳು. ನಮ್ಮ ಬಾಲ್ಯದಲ್ಲಿ ಹಕ್ಕಿ ಅಂದರೆ ಗದ್ದೆಯಿಂದ ಓಡಿಸಬೇಕಾದ ಪ್ರಾಣಿ. ಭತ್ತ ಹಾಲುಗಟ್ಟುವ ಹೊತ್ತಿಗೆ ಗಿಳಿಗಳ ಹಿಂಡು ಬರುತ್ತಿತ್ತು. ಹಳೇ ಡಬ್ಬ ಬಡಿಯುತ್ತ ಗದ್ದೆಯ ಅಂಚಿನಲ್ಲಿ ಓಡುವುದು ನನ್ನ ಕೆಲಸ. ಯಾವ ಹಕ್ಕಿ ಯಾವಾಗ ಬರುತ್ತದೆ, ಎಲ್ಲಿ ಕೂರುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವುದಕ್ಕೆ ಹೆದರಿದಂತೆ ನಾಟಕ ಮಾಡುತ್ತದೆ ಎಂಬುದೆಲ್ಲ ಹಾಗೆ ಓಡಿಸುತ್ತ ಓಡಿಸುತ್ತಲೇ ತಿಳಿದದ್ದು. ಕಾಲು ಕೆಸರಾಗದೆ ಅದು ನನಗೆ ಬರುತ್ತಿರಲಿಲ್ಲ. ಈ ಮಕ್ಕಳಿಗೂ ಹಾಗೇ ಬರಲಿ ಎಂದು ಆಟ ಶುರುಮಾಡಿದೆ.

ಮೊದಲಿನದು ಕೊಕ್ಕಿನ ಆಟ. ಬೆಂಚಿನ ಮೇಲೆ ಅಕ್ಕಿ, ಕಡಲೆ, ಬಾಟಲಿಯಲ್ಲಿ ಬೆಲ್ಲದ ನೀರು, ಎರೆಹುಳುವಿನ ಬದಲಿಗೆ ಒಂದು ಬೋಗುಣಿ ಮರಳಿನಲ್ಲಿ ಹುಗಿದ ರಬ್ಬರ್ ಬ್ಯಾಂಡು. ಒಬ್ಬೊಬ್ಬರಿಗೆ ಒಂದೊಂದು ಕೊಕ್ಕು. ಒಬ್ಬನಿಗೆ ಬಟ್ಟೆಯ ಕ್ಲಿಪ್ಪು, ಒಬ್ಬಳಿಗೆ ಅಡುಗೆಮನೆಯ ಇಕ್ಕಳ, ಇನ್ನೊಬ್ಬಳಿಗೆ ಎಳನೀರಿನ ಸ್ಟ್ರಾ. ನಾನು ಚಪ್ಪಾಳೆ ತಟ್ಟಿದ ಕೂಡಲೇ ಹೊಟ್ಟೆ ತುಂಬಿಸಿಕೊಳ್ಳಬೇಕು. ಸ್ಟ್ರಾ ಸಿಕ್ಕಿದವಳು ಕಡಲೆಯ ಮುಂದೆ ಕೂತು ಅಳುವ ಮುಖ ಮಾಡಿದಳು. ಆಮೇಲೆ ಬೆಲ್ಲದ ನೀರಿನತ್ತ ಅವಳ ಕಣ್ಣು ಹೋಯಿತು. ಸೂರಕ್ಕಿಯ ಕೊಕ್ಕು ಯಾಕೆ ಸಪೂರ ಎಂದು ಅವಳಿಗೆ ನಾನು ಹೇಳಬೇಕಾಗಲಿಲ್ಲ. ಬಾಟಲಿ ಖಾಲಿ ಮಾಡಿ ತೇಗಿದಳು.

ಆಮೇಲೆ ಗೂಡಿನ ಆಟ. ಎರಡೇ ಬೆರಳಿನಲ್ಲಿ, ಬೇರೆ ಬೆರಳು ಮುಟ್ಟಿಸದೆ, ಹುಲ್ಲಿನಿಂದ ಗೂಡು ಕಟ್ಟಬೇಕು. ಒಂದು ಮಧ್ಯಾಹ್ನ ಪೂರ್ತಿ ಹೆಣಗಾಡಿದರೂ ಯಾರ ಗೂಡೂ ನಿಲ್ಲಲಿಲ್ಲ. ಶಾಲೆಯ ಹಿಂದಿನ ತೆಂಗಿನ ಗರಿಯಲ್ಲಿ ಗೀಜಗಗಳು ಗೂಡು ಹೆಣೆಯುತ್ತಿದ್ದವು. ಅಷ್ಟು ದಿನ ಅದಕ್ಕೆ ಕಲ್ಲು ಹೊಡೆಯುತ್ತಿದ್ದವರು ಅವತ್ತು ಬಾಯಿ ತೆರೆದುಕೊಂಡು ನೋಡಿದರು.

ಎಲ್ಲಕ್ಕಿಂತ ಮಕ್ಕಳಿಗೆ ಇಷ್ಟವಾದದ್ದು ಗರಟೆಯ ಆಟ. ತೆಂಗಿನ ಗರಟೆಯಲ್ಲಿ ಒಂದು ಹಿಡಿ ಅನ್ನ ಹಾಕಿ, ಶಾಲೆಯ ಸುತ್ತಲಿನ ಚಿರೆಕಲ್ಲಿನ ಪಾಗಾರದ ಗೋಡೆಯ ಮೇಲೆ ಇಟ್ಟು, ಎಲ್ಲರೂ ದೂರ ಜಗಲಿಗೆ ಬಂದು ಕೂರಬೇಕು. ಯಾರು ಬರುತ್ತಾರೆ ನೋಡಬೇಕು. ಆಟದ ಕಟ್ಟಳೆ ಮೂರೇ: ದೂರ ಕೂರಬೇಕು, ಬೆರಳು ತೋರಿಸಬಾರದು, ದಿಟ್ಟಿಸಿ ನೋಡಬಾರದು. ಅದರಲ್ಲೂ ಕಾಗೆಯನ್ನು. ಗುಬ್ಬಿ, ಗೊರವಂಕಗಳು ಅಷ್ಟು ಲೆಕ್ಕಿಸುವುದಿಲ್ಲ. ಕಾಗೆ ಮಾತ್ರ ನಮ್ಮ ಕಣ್ಣು ಎಲ್ಲಿದೆ ಎಂದು ಮೊದಲು ನೋಡಿ ಆಮೇಲೆ ಅನ್ನ ನೋಡುತ್ತದೆ. "ದೂರ ಕೂತರೆ ಕಾಗೆ ಬರುತ್ತದೆ" ಎಂದು ನಾನು ಎಷ್ಟು ಸಲ ಹೇಳಿದೆನೆಂದರೆ ಮಕ್ಕಳು ಅದನ್ನು ಮಗ್ಗಿಯ ಜೊತೆ ಸೇರಿಸಿ ಹೇಳತೊಡಗಿದ್ದರು. ಬಂದ ಹಕ್ಕಿಯ ಹೆಸರನ್ನು ಅವರವರ ಮನೆಯ ಮಾತಿನಲ್ಲೇ ಪಿಸುಗುಟ್ಟಬೇಕು. ಒಬ್ಬಳು ಕಾಯ್ಳೊ ಅಂದರೆ ಪಕ್ಕದವನು ಕವ್ವಾ ಅನ್ನುತ್ತಿದ್ದ. ಕಾಗೆ ಎರಡಕ್ಕೂ ಓಗೊಡದೆ ಅನ್ನ ತಿಂದು ಹೋಗುತ್ತಿತ್ತು.

ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಸ್ಟ್ರಾದಲ್ಲಿ ಬೆಲ್ಲದ ನೀರು ಹೀರಿ ತೇಗಿದವಳೇ. ಅವಳ ಅಪ್ಪ ನಾಡದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ. ತಾಯಿ ಶೆಟ್ಲಿ, ಅಂದರೆ ಸಿಗಡಿ, ಒಣಗಿಸುವ ಕೆಲಸಕ್ಕೆ. ಮನೆಯಲ್ಲಿ ಆಳ್ವಿಕೆ ಅಪ್ಪನ ತಾಯಿಯದು, ಅಂದರೆ ಅಜ್ಜಿಯದು. ಅಜ್ಜಿ ತಲೆಯ ಮೇಲೆ ಬುಟ್ಟಿ ಹೊತ್ತು ಕಾಯ್ಕಿಣಿಯ ಮನೆಮನೆಗೆ ಮೀನು ಮಾರುವವಳು. ಅವಳ ಕೂಗು ಶಾಲೆಯ ಪ್ರಾರ್ಥನೆಗಿಂತ ಗಟ್ಟಿ. ಅವಳು ರಸ್ತೆಯಲ್ಲಿ ಹೋಗುವಾಗ ನಾನು ಪಾಠ ನಿಲ್ಲಿಸಿ ಕಾಯುತ್ತಿದ್ದೆ.

ದಸರೆ ಕಳೆದ ಮೇಲೆ ಒಂದು ಶನಿವಾರ ಮಕ್ಕಳಿಗೆ ಮನೆಗೆಲಸ ಕೊಟ್ಟೆ. ನಾಳೆ ನಿಮ್ಮ ನಿಮ್ಮ ಹಿತ್ತಲಿನಲ್ಲಿ ಗರಟೆಯ ಆಟ ಆಡಿ, ಯಾರು ಬಂದರು ಎಂದು ಸೋಮವಾರ ಹೇಳಿ ಅಂದೆ. ಸೋಮವಾರ ಎಲ್ಲರೂ ಹೇಳಿದ್ದೇ ಹೇಳಿದ್ದು. ಒಬ್ಬನ ಮನೆಗೆ ನವಿಲು ಬಂದಿತ್ತಂತೆ, ಅದು ಸುಳ್ಳು. ಈ ಹುಡುಗಿ ಮಾತ್ರ ಬಂದಿರಲಿಲ್ಲ. ಬೆಳಗ್ಗಿನ ಎರಡನೇ ಪಾಠದ ಹೊತ್ತಿಗೆ ಅಜ್ಜಿ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಗೇಟಿನ ಒಳಗೆ ಕಾಲಿಡದೆ ಅಲ್ಲಿಂದಲೇ ಕೂಗಿದಳು.

"ಎಂತ ಕಲಿಸ್ತ್ರಿ ಅಕ್ಕೋರೇ ನೀವು ಮಕ್ಕಳಿಗೆ? ಗಂಡಸರು ಕಡಲಿಗೆ ಹೋದಾಗ ಕುಡಿಬಾಳೆಲಿ ಹಾಕಿ, ಅನ್ನ ಮೀನು ಬಡಿಸಿ, ಕಾಗೆ ಕರೆಯೂದಾ? ನಮ್ಮನೇಲಿ ಯಾರು ಸತ್ತಿದ್ರು?"

ನಾನು ಗೇಟಿನ ಹತ್ತಿರ ಹೋದೆ. "ನಾ ಎಲೆ ಹಾಕಿ ಅಂದದ್ದಲ್ಲ ಅಮ್ಮ, ಗರಟೆ ಅಂದದ್ದು" ಎಂದೆ.

"ಗರಟೆ ಎಲ್ಲಾ ಬಚ್ಚಲೊಲೆಗೆ ಹೋಯ್ತು. ಅದಕ್ಕೆ ಎಲೆ ಕೊಯ್ದು ಹಾಕಿತ್ತು ಹುಡುಗಿ. ಮಹಾಲಯದ ದಿನ ನಾನು ಅದರ ಅಜ್ಜನಿಗೆ ಹಾಕಿದ್ದು ನೋಡಿತ್ತಲ್ಲ, ಹಾಂಗೇ. ಕಾ ಕಾ ಅಂತ ಕರೀತಾ ಕೂತಿತ್ತು." ಅವಳು ಗೇಟಿನ ಸರಳು ಹಿಡಿದುಕೊಂಡಳು. "ನನ್ನ ಮಗ ನಿನ್ನೆ ಸಂಜೆ ಬರಬೇಕಾದವ. ಬರಲಿಲ್ಲ. ಗಾಳಿ ಎದ್ದಿದೆ. ಫೋನೂ ತಾಗೂದಿಲ್ಲ."

ಕಾಗೆಗೆ ಒಂದು ತುತ್ತು ಹಾಕಿದರೆ ಯಾರೂ ಸಾಯುವುದಿಲ್ಲ ಎಂಬ ಮಾತು ನನ್ನ ನಾಲಿಗೆಯ ಮೇಲೆ ಬಂದಿತ್ತು. ಅಷ್ಟರಲ್ಲಿ ನನ್ನ ತಾಯಿಯ ನೆನಪಾಯಿತು. ಹೊಳನಗದ್ದೆಯ ನಮ್ಮ ಮನೆಯಲ್ಲಿ ಕುಡಿಬಾಳೆಲೆಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು ನಾವು ಮನೆಯಾಟ ಆಡಿದರೆ ಸಾಕು, ಅವಳು ಬಂದು ಎಲೆಯನ್ನು ಹರಿದು ಬಿಸಾಡಿ, ನಮ್ಮ ಬೆನ್ನಿಗೂ ಒಂದು ಕೊಡುತ್ತಿದ್ದಳು. ಅವಳು ಕಾರಣ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಮ್ಮ ಕಡೆ ಎಲೆ ಹಾಕಿ ಕಾಗೆ ಕರೆಯುವುದು ಸತ್ತವರಿಗೆ ಮಾತ್ರ. ಕಾಗೆ ಮುಟ್ಟಿತೆಂದರೆ ಸತ್ತವರಿಗೆ ಮುಟ್ಟಿತು ಎಂದು ಲೆಕ್ಕ. ನಾನು ಬಾಯಿ ಮುಚ್ಚಿಕೊಂಡೆ. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಕಡಲಿನ ಕಡೆಗೆ ಹೋದಳು. ಮುಖ್ಯ ಮಾಸ್ತರರು ತಾವೇ ಬಂದು ಪಾಗಾರದ ಮೇಲಿನ ಗರಟೆಗಳನ್ನೆಲ್ಲ ಆರಿಸಿ ಕಸದ ಗುಂಡಿಗೆ ಹಾಕಿದರು. ನನ್ನ ಮುಖ ನೋಡಲಿಲ್ಲ, ಪಾಪ, ಬೈಯಲೂ ಇಲ್ಲ.

ಶಾಲೆ ಬಿಟ್ಟ ಮೇಲೆ ನಾನು ಅವರ ಮನೆಗೆ ಹೋದೆ. ಹೋಗದೆ ಇರಲು ಆಗಲಿಲ್ಲ. ಕಡಲು ಮನೆಯ ಹಿಂದೆಯೇ. ಅಲೆ ಕೆಂಪಾಗಿ ಎದ್ದು ಬೀಳುತ್ತಿತ್ತು. ಅಜ್ಜಿ ಒಳಗಿನ ಬಾಗಿಲಿನ ಹತ್ತಿರ ಕಾಲು ಚಾಚಿ ಕೂತಿದ್ದಳು, ಬಾ ಅನ್ನಲೂ ಇಲ್ಲ, ಹೋಗು ಅನ್ನಲೂ ಇಲ್ಲ. ತಾಯಿ ಯಾರದೋ ಮನೆಗೆ ಫೋನು ಮಾಡಿಸಲು ಹೋಗಿದ್ದಳಂತೆ. ಹುಡುಗಿ ಹಿತ್ತಲಿನ ಮೆಟ್ಟಿಲ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಿತ್ತು. ನಿನ್ನೆಯಿಂದ ಏನೂ ತಿಂದಿರಲಿಲ್ಲ ಎಂದು ತುಟಿ ನೋಡಿದರೆ ಗೊತ್ತಾಗುತ್ತಿತ್ತು. ನಾನು ಪಕ್ಕದಲ್ಲಿ ಕೂತೆ.

"ಅಕ್ಕೋರೇ, ನಾ ಕರೆದದ್ದಕ್ಕೆ ಅಪ್ಪ ಬರಲಿಲ್ಲಾ?" ಎಂದು ಕೇಳಿತು.

ಹಾಗೆಲ್ಲ ಆಗುವುದಿಲ್ಲ ಎಂದೆ. ಹುಡುಗಿ ನಂಬಲಿಲ್ಲ. ನಾನು ಶಾಲೆಯ ಮಾತು ಹೇಳುತ್ತಿದ್ದೆ, ಅದು ಮನೆಯ ಮಾತು ಕೇಳಿ ಕೂತಿತ್ತು. ಕೊನೆಗೆ ತರಗತಿಯಲ್ಲಿ ಕೇಳುವುದನ್ನೇ ಕೇಳಿದೆ.

"ಕಾಗೆ ಬಂತಾ?"

"ಬಂತು. ಪಾಗಾರದ ಆ ತುದಿಗೆ ಬಂದು ಕೂತಿತ್ತು."

"ತಿಂತಾ?"

"ಇಲ್ಲ. ಕುತ್ತಿಗೆ ಬೂದಿಬಣ್ಣವಾ ನೋಡ್ವ ಅಂತ ನಾ ಎಲೆ ಹತ್ರವೇ ಕೂತಿದ್ದೆ. ಅದು ನನ್ನ ನೋಡ್ತು, ಹಾರಿ ಹೋಯ್ತು."

ಒಳಗೆ ಬಳೆಯ ಸದ್ದಾಯಿತು. ಅಜ್ಜಿ ಬಾಗಿಲಿಗೆ ಬಂದು ನಿಂತಿದ್ದಳು. "ಮುಟ್ಟಲಿಲ್ವಾ?" ಎಂದಳು. "ಒಂದು ಅಗುಳೂ ಮುಟ್ಟಲಿಲ್ವಾ?"

"ಇಲ್ಲ ಅಜ್ಜಿ. ಎಲೆ ನೀನೇ ತೆಗೆದು ಬಿಸಾಡಿದ್ಯಲ್ಲ. ಎಲ್ಲಾ ಹಾಂಗೇ ಇತ್ತು."

ಅಜ್ಜಿಯ ಮುಖ ಸಡಿಲವಾಯಿತು. ಮೆಟ್ಟಿಲಿಗೆ ಇಳಿದು ಬಂದು ಹುಡುಗಿಯ ಇನ್ನೊಂದು ಪಕ್ಕಕ್ಕೆ ದೊಪ್ಪನೆ ಕೂತಳು. "ಹಾಂಗಾರೆ ಅದು ಯಾರ ಎಡೆಯೂ ಅಲ್ಲ. ಸತ್ತವರದ್ದಾದ್ರೆ ಕಾಗೆ ಬಿಡೂದಿಲ್ಲ. ಮುಟ್ಟಲಿಲ್ಲ ಅಂದ್ರೆ ಅವ ಇದ್ದಾನೆ" ಎಂದಳು. ಎರಡು ಸಲ ಹೇಳಿದಳು, ಎರಡನೆಯ ಸಲ ನನಗೆ.

ಹುಡುಗಿ ನನ್ನ ಮುಖ ನೋಡಿತು. ದೂರ ಕೂತರೆ ಕಾಗೆ ಬರುತ್ತದೆ, ಹತ್ತಿರ ಕೂತರೆ ಬರುವುದಿಲ್ಲ. ಇದು ಅದಕ್ಕೂ ಗೊತ್ತು, ನನಗೂ ಗೊತ್ತು. ವಾರವೆಲ್ಲ ನಾನೇ ಕಲಿಸಿದ್ದು. "ಹೌದು, ಮುಟ್ಟಲಿಲ್ಲ" ಎಂದೆ ನಾನು. "ಆತು, ಉಣ್ಣು ಈಗ" ಎಂದು ಅಜ್ಜಿ ಗಂಜಿ ತಂದಳು. ಹುಡುಗಿ ಎರಡು ಸಲ ಹಾಕಿಸಿಕೊಂಡು ಉಂಡಿತು.

ದೀಪ ಹಚ್ಚುವ ಹೊತ್ತಿಗೆ ತಾಯಿ ಓಡುತ್ತ ಬಂದಳು. ಎಂಜಿನ್ನು ಕೈಕೊಟ್ಟು, ಗಾಳಿಗೆ ಬಡಗಿನ ಕಡೆ ಸರಿದು ಹೋಗಿದ್ದ ದೋಣಿಯನ್ನು ಬೇರೆ ಬೋಟಿನವರು ಎಳೆದುಕೊಂಡು ಹೊನ್ನಾವರದ ಬಂದರಿಗೆ ತಂದು ಕಟ್ಟಿದ್ದರಂತೆ. ಎಲ್ಲರೂ ಇದ್ದಾರೆ, ಫೋನು ನೀರಿಗೆ ಬಿದ್ದಿದೆ, ಅಷ್ಟೇ. ಅಜ್ಜಿ ಮಗನಿಗೆ ಬಾಯಿಗೆ ಬಂದ ಹಾಗೆ ಬೈಯತೊಡಗಿದಳು. ಆ ಬೈಗುಳ ಕೇಳುತ್ತ ನಾನು ಕಣ್ಣು ಒರೆಸಿಕೊಂಡು ಬಸ್ಸಿಗೆ ಹೊರಟೆ.

ಆಮೇಲೆ ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಅಜ್ಜಿ ಗೇಟು ದಾಟಿ ಒಳಗೇ ಬಂದಳು. ಬುಟ್ಟಿಯ ತುಂಬ ಗರಟೆ. ಕಾಯ್ಕಿಣಿಯ ಮನೆಗಳಲ್ಲಿ ಮೀನು ಕೊಟ್ಟು ಬರುವಾಗ ಬೇಡಿ ತಂದದ್ದು. "ಎಲೆ ಮಾತ್ರ ಬೇಡ ಅಕ್ಕೋರೇ. ಕಾ ಕಾ ಅಂತ ಕರೆಯೂದೂ ಬೇಡ. ಬೇಕಾದ್ರೆ ಅದೇ ಬತ್ತದೆ" ಎಂದು ಕಟ್ಟಳೆ ಹಾಕಿದಳು. ಮುಖ್ಯ ಮಾಸ್ತರರು ಗಡಬಡಿಸಿ ಅವಳಿಗೆ ಕುರ್ಚಿ ಹಾಕಿಸಿದರು. ಹೀಗೆ ನಮ್ಮ ಆಟಕ್ಕೆ ನಾಲ್ಕನೇ ಮತ್ತು ಐದನೇ ಕಟ್ಟಳೆ ಸೇರಿದವು.

ಅವತ್ತಿನಿಂದ ಶನಿವಾರಗಳಂದು ಮೀನು ಮಾರಿ ಮುಗಿದ ಮೇಲೆ ಅಜ್ಜಿ ಜಗಲಿಗೆ ಬಂದು ಮಕ್ಕಳ ನಡುವೆ ಕೂರುತ್ತಿದ್ದಳು. ಅವಳ ಬಾಯಿ ಮುಚ್ಚಿಸುವುದೇ ಕಷ್ಟ. "ಇಕ, ಇದೇ ಕಳ್ಳ, ಮೊನ್ನೆ ನನ್ನ ಬುಟ್ಟಿಯಿಂದ ಬಂಗಡೆ ಎತ್ತಿದ್ದು!" ಎಂದು ಕೈ ಚಾಚಿ ಕೂಗುತ್ತಿದ್ದಳು. ಕಾಗೆ ಹಾರಿ ಹೋಗುತ್ತಿತ್ತು. "ಅಜ್ಜೀ, ಬೆರಳು ತೋರಿಸ್ಬೇಡ! ದೂರ ಕೂರು!" ಎಂದು ಮಕ್ಕಳೆಲ್ಲ ಅವಳನ್ನು ಗದರುತ್ತಿದ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ನಾನು ಎಷ್ಟೋ ಊರಿನ ಶಾಲೆಗಳಲ್ಲಿ ಕಲಿಸಿದ್ದೇನೆ. ಆ ಜಗಲಿಯ ಶನಿವಾರಗಳಷ್ಟು ಸುಖ ನನಗೆ ಮತ್ತೆ ಎಲ್ಲೂ ಸಿಗಲಿಲ್ಲ.

ಈಗ ನಾನು ನಿವೃತ್ತಳಾಗಿ ಹೊಳನಗದ್ದೆಯಲ್ಲೇ ಇದ್ದೇನೆ. ಹುಡುಗಿ ಭಟ್ಕಳದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ, ಕಾಲೇಜಿಗೆ ಹೋಗಿ ಬರುವ ದಾರಿಯಲ್ಲಿ ಕಂಡ ಹಕ್ಕಿಯ ವರದಿ ಒಪ್ಪಿಸುತ್ತಾಳೆ. ಕಳೆದ ಚಳಿಗಾಲದಲ್ಲಿ ಹಬ್ಬವಲ್ಲದ ದಿನ ಅವಳ ಫೋನು ಬಂತು. "ಅಜ್ಜಿ ಹೋದ್ಳು ಅಕ್ಕೋರೇ" ಎಂದಳು. ಅಜ್ಜಿಯ ಉತ್ತರಕ್ರಿಯೆಯ ದಿನದ ಊಟಕ್ಕೆ ಕುಮಟೆಯಿಂದ ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಶರಾವತಿಯ ಸೇತುವೆ ದಾಟುವಾಗ, ಆ ಸಂಜೆ ದೋಣಿ ಬಂದು ಕಟ್ಟಿದ ಬಂದರು ಎಲ್ಲಿ ಎಂದು ಕಿಟಕಿಯಿಂದ ಹಣಕಿದೆ. ದೋಣಿಗಳು ಬಹಳ ಇದ್ದವು.

ನಾನು ಹೋಗುವಷ್ಟರಲ್ಲಿ ಹಿತ್ತಲಿನ ಪಾಗಾರದ ಮೇಲೆ ಎಡೆ ಇಟ್ಟಾಗಿತ್ತು. ಕುಡಿಬಾಳೆಲೆಯಲ್ಲಿ ಕುಚಲಕ್ಕಿ ಅನ್ನ, ಬಂಗಡೆ ಸಾರು, ಅಜ್ಜಿಗೆ ಪ್ರಾಣವಾಗಿದ್ದ ಮೀನಿನ ತಲೆ, ಒಂದು ಎಲೆಯಡಿಕೆಯ ಕವಳ. ಕಾಗೆ ಬಂದಿರಲಿಲ್ಲ. ಬಂದಿರಲಿಲ್ಲ ಅಂದರೆ ತೆಂಗಿನ ಗರಿಯ ಮೇಲೆ ಕೂತಿತ್ತು, ಇಳಿಯುತ್ತಿರಲಿಲ್ಲ. ನೆಂಟರೆಲ್ಲ ಎಲೆಯ ಸುತ್ತ ನೆರೆದು ಕತ್ತೆತ್ತಿ ಅದನ್ನೇ ನೋಡುತ್ತಿದ್ದರು. ಇಬ್ಬರು ಫೋನು ಮೇಲೆತ್ತಿ ಹಿಡಿದಿದ್ದರು. ಮಗ ಕೈಮುಗಿದು ನಿಂತು, ತಾಯಿಗೆ ಯಾವ ಆಸೆ ಉಳಿಯಿತೋ ಎಂದು ಒಂದೊಂದೇ ಹೇಳಿ ನೋಡುತ್ತಿದ್ದ. ಮನೆಗೆ ಹೊಸ ಮಾಡು ಹಾಕಿಸುತ್ತೇನೆ, ಮಗಳ ಮದುವೆ ಚಂದಾಗಿ ಮಾಡುತ್ತೇನೆ ಎಂದೆಲ್ಲ. ಹುಡುಗಿ ಗೋಡೆಗೆ ಒರಗಿ ಬಿಕ್ಕುತ್ತಿದ್ದಳು.

ನಾನು ಹತ್ತಿರ ಹೋದೆ. ಅವಳು ತಲೆಯೆತ್ತಿ ನನ್ನನ್ನು ಕಂಡಳು. ಒಂದು ಗಳಿಗೆ ಹಾಗೇ ನೋಡಿದಳು. ಆಮೇಲೆ ಎಲೆಯ ಸುತ್ತ ನಿಂತವರನ್ನು ನೋಡಿದಳು. ಕಣ್ಣು ಒರೆಸಿಕೊಂಡು ಮುಂದೆ ಹೋದಳು.

"ಎಲ್ಲರೂ ಜಗಲಿಗೆ ಬನ್ನಿ" ಎಂದಳು. "ದೊಡ್ಡಪ್ಪ, ಫೋನು ಕೆಳಗಿಡಿ. ಅತ್ತೆ, ಬೆರಳು ತೋರಿಸ್ಬೇಡಿ. ದಿಟ್ಟಿಸಿ ನೋಡ್ಬೇಡಿ. ಎಲ್ಲರೂ ದೂರ ಕೂರಿ."

ಆ ದನಿ ನನ್ನದೇ. ದೊಡ್ಡ ದೊಡ್ಡ ಗಂಡಸರು, ಕಡಲು ಕಂಡವರು, ಒಬ್ಬರ ಹಿಂದೆ ಒಬ್ಬರು ಬಂದು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ನಾನೂ ಕೂತೆ. ಸ್ವಲ್ಪ ಹೊತ್ತಿನಲ್ಲಿ ಪಾಗಾರದ ಮೇಲೆ ರೆಕ್ಕೆಯ ಸದ್ದಾಯಿತು. ನಾನು ಓರೆಗಣ್ಣಿನಲ್ಲಿ ನೋಡಿದೆ. ಬೂದಿಬಣ್ಣದ ಕುತ್ತಿಗೆ. ಅನ್ನವನ್ನು ಬಿಟ್ಟು ಮೊದಲು ಮೀನಿನ ತಲೆಯನ್ನೇ ಕಚ್ಚಿ ಎತ್ತಿಕೊಂಡಿತು. "ಮುಟ್ಟಿತು, ಮುಟ್ಟಿತು" ಎಂದು ಮಗ ಮಗುವಿನ ಹಾಗೆ ಅತ್ತುಬಿಟ್ಟ.

ಊಟಕ್ಕೆ ಎಲೆ ಹಾಕುವ ಗಡಿಬಿಡಿಯಲ್ಲಿ ನಾನೂ ಹುಡುಗಿಯೂ ಹಿತ್ತಲಿನ ಅದೇ ಮೆಟ್ಟಿಲಿನ ಮೇಲೆ ಕೂತೆವು. ಅವತ್ತು ಕಾಗೆ ಯಾಕೆ ಮುಟ್ಟಲಿಲ್ಲ ಎಂದು ಅಜ್ಜಿಗೆ ನಾವಿಬ್ಬರೂ ಹೇಳಲೇ ಇಲ್ಲವಲ್ಲ ಎಂದೆ ನಾನು, ಮೆಲ್ಲಗೆ.

"ಅಜ್ಜಿಗೆ ಗೊತ್ತಿತ್ತು ಅಕ್ಕೋರೇ" ಎಂದಳು. "ಜಗಲಿಗೆ ಬಂದು ಕೂತ ಮೊದಲ ಶನಿವಾರವೇ ಗೊತ್ತಾಯ್ತಂತೆ. ಅಕ್ಕೋರಿಗೆ ಹೇಳಬೇಡ, ಬೇಜಾರು ಮಾಡ್ಕೊಳ್ತ್ರು ಅಂದಿತ್ತು. ಕಾಯಿಲೆ ಬಿದ್ದ ಮೇಲೆ ಮತ್ತೊಂದು ಮಾತು ಹೇಳ್ತು. ನನ್ನ ದಿನ ಇವರೆಲ್ಲ ಎಲೆ ಸುತ್ತ ನಿಂತ್ಕಂಡು ಕಾಗೆ ಓಡಿಸ್ತ್ರು, ನೀನು ಎಲ್ಲರನ್ನೂ ದೂರ ಕೂರಿಸು, ನಿಮ್ಮಪ್ಪ ಸುಮ್ಮನೆ ಹೆದರ್ಕಂತ ಅಂತ. ನಾ ಅಳ್ತಾ ಮರ್ತೇ ಬಿಟ್ಟಿದ್ದೆ. ನಿಮ್ಮ ಮುಖ ಕಂಡ ಕೂಡ್ಲೇ ನೆನಪಾಯ್ತು."

ದೂರ ಕೂತರೆ ಕಾಗೆ ಬರುತ್ತದೆ ಎಂದು ಇಡೀ ಊರಿನ ಮಕ್ಕಳಿಗೆ ಕಲಿಸಿದವಳು ನಾನು. ಬಂದದ್ದು ಹಸಿದ ಕಾಗೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಅದು ಮೀನಿನ ತಲೆ ಕಚ್ಚಿ ಎತ್ತಿದಾಗ, ಅಜ್ಜಿ ಬಂದಳು ಎಂದೇ ನನಗೆ ಅನ್ನಿಸಿತ್ತು. ಹಾಗೆಂದು ಹುಡುಗಿಗೆ ಹೇಳಿದೆ.

"ನನಗೂ" ಎಂದಳು. ಒಳಗಿನಿಂದ ಊಟಕ್ಕೆ ಕರೆದರು, ಎದ್ದು ಹೋದೆವು.